ಹಳೆ ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ ಏನು ಹೇಳುತ್ತದೆ?

ಪ್ರಶ್ನೆ:
ಯುರೋಪಿನಲ್ಲಿ ಅಚ್ಚಾದ ಆಫ್ರಿಕಾದ ಹಳೆ ನಕ್ಷೆಗಳನ್ನು ನೋಡುತ್ತಿದ್ದೇನೆ. 16-17ನೇ ಶತಮಾನದವುಗಳಲ್ಲಿ ಒಳನಾಡಿನ ತುಂಬಾ ಊರು, ನದಿ, ಆನೆ, ಸಿಂಹ ಇವೆ. 18ನೇ ಶತಮಾನದ ಮಧ್ಯಕ್ಕೆ ಬಂದರೆ ಕರಾವಳಿಯಲ್ಲಿ ಮಾತ್ರ ಹೆಸರುಗಳು, ಒಳಗೆ ಬರೀ ಬಿಳಿ ಕಾಗದ. ಕಾಲ ಕಳೆದಂತೆ ಮಾಹಿತಿ ಜಾಸ್ತಿ ಆಗಬೇಕಿತ್ತು ಅಲ್ವಾ? ಇದರ ಹಿಂದೆ ರಾಜಕೀಯ ಇದೆಯಾ?

ಉತ್ತರ 1:
ಶುರುವಿನಲ್ಲಿ ಇರಲಿಲ್ಲ, ಆಮೇಲೆ ಬಂತು. ಫ್ರಾನ್ಸಿನ ನಕ್ಷೆಕಾರ ದಾನ್‌ವಿಲ್ 1749ರ ತನ್ನ ಆಫ್ರಿಕಾ ನಕ್ಷೆಯಲ್ಲಿ ಆಧಾರ ಇಲ್ಲದ್ದನ್ನೆಲ್ಲ ತೆಗೆದುಹಾಕಿದ. ಅದು ಪ್ರಾಮಾಣಿಕ ಕೆಲಸವೇ. ಆದರೆ "ನಮಗೆ ಗೊತ್ತಿಲ್ಲ" ಅಂತ ಬಿಟ್ಟ ಜಾಗವನ್ನು ಮುಂದಿನವರು "ಇಲ್ಲಿ ಯಾರೂ ಇಲ್ಲ" ಅಂತ ಓದಿಕೊಂಡರು. ಆಫ್ರಿಕಾದ ಮೇಲೆ ಹಕ್ಕು ಸಾಧಿಸುವುದಕ್ಕೆ ನಿಯಮ ಮಾಡಲು ಯುರೋಪಿನ ದೇಶಗಳು ಸೇರಿದ 1884-85ರ ಬರ್ಲಿನ್ ಸಭೆಯಲ್ಲಿ ಗೋಡೆಗೆ ಆಫ್ರಿಕಾದ ದೊಡ್ಡ ನಕ್ಷೆ ತೂಗುಹಾಕಿದ್ದರು, ಸುತ್ತ ಕುಳಿತವರಲ್ಲಿ ಆಫ್ರಿಕಾದ ಪ್ರತಿನಿಧಿ ಒಬ್ಬರೂ ಇರಲಿಲ್ಲ.

ಹಾಗಂತ ತುಂಬಿಸಿದ ಜಾಗವನ್ನೂ ನಂಬಬೇಡಿ. ಇಂಗ್ಲೆಂಡಿನ ನಕ್ಷೆಕಾರ ಜೇಮ್ಸ್ ರೆನೆಲ್ 1798ರಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಅಡ್ಡಲಾಗಿ ಕಾಂಗ್ ಪರ್ವತ ಅಂತ ಉದ್ದನೆಯ ಸಾಲೊಂದನ್ನು ಬರೆದ. ದೊಡ್ಡ ಹೆಸರಿನವನು ಬರೆದದ್ದು ಅಂತ ಉಳಿದವರೂ ನಕಲು ಮಾಡಿದರು. ಸುಮಾರು 90 ವರ್ಷ ಆದ ಮೇಲೆ ಬಿಂಜೆ ಅನ್ನುವ ಫ್ರೆಂಚ್ ಅಧಿಕಾರಿ ಅಲ್ಲಿಗೇ ಹೋಗಿ ನೋಡಿದರೆ ಅಂಥ ಪರ್ವತವೇ ಇಲ್ಲ.

ಉತ್ತರ 2:
ದಾನ್‌ವಿಲ್ ಹೆಸರು ಬಂದದ್ದರಿಂದ ಇದನ್ನು ಹೇಳಲೇಬೇಕು. 1730ರ ದಶಕದ ಅವನ ಟಿಬೆಟ್ ನಕ್ಷೆಯಲ್ಲಿ ಚೋಮೊಲುಂಗ್ಮಾ (ನಾವೀಗ ಎವರೆಸ್ಟ್ ಅನ್ನುವ ಶಿಖರದ ಟಿಬೆಟನ್ ಹೆಸರು) ಆಗಲೇ ಇದೆ, ಫ್ರೆಂಚ್ ಕಾಗುಣಿತದಲ್ಲಿ. ಚೀನಾದ ಚಕ್ರವರ್ತಿ ಕಳಿಸಿದ ಲಾಮಾಗಳು ಅಲ್ಲಿ ಓಡಾಡಿ ಅಳತೆ ಮಾಡಿ ತಂದ ಮಾಹಿತಿ ಅದು. 1856ರಲ್ಲಿ ಭಾರತದ ಸರ್ವೇಯರ್ ಜನರಲ್ ಆಂಡ್ರ್ಯೂ ವಾ, ಸ್ಥಳೀಯ ಹೆಸರು ಸಿಗಲಿಲ್ಲ ಅಂತ ಕಾರಣ ಕೊಟ್ಟು ತನಗಿಂತ ಮುಂಚೆ ಆ ಹುದ್ದೆಯಲ್ಲಿದ್ದ ಜಾರ್ಜ್ ಎವರೆಸ್ಟ್ ಹೆಸರನ್ನು ಆ ಶಿಖರಕ್ಕೆ ಸೂಚಿಸಿದ. ನೇಪಾಳ, ಟಿಬೆಟ್ ಒಳಗೆ ಬ್ರಿಟಿಷ್ ಸರ್ವೆಯವರಿಗೆ ಪ್ರವೇಶ ಇರಲಿಲ್ಲ, ನಿಜ. ಆದರೆ ನೂರು ವರ್ಷಕ್ಕೂ ಹಿಂದೆ ಪ್ಯಾರಿಸ್‌ನಲ್ಲಿ ಅಚ್ಚಾದ ಹೆಸರು! ಖುದ್ದು ಎವರೆಸ್ಟ್, ನನ್ನ ಹೆಸರು ಭಾರತದ ಜನರ ಬಾಯಲ್ಲಿ ಹೊರಳುವುದಿಲ್ಲ ಅಂತ ಆಕ್ಷೇಪ ಎತ್ತಿದ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಕೇಳಲಿಲ್ಲ, 1865ರಲ್ಲಿ ಅದನ್ನೇ ಒಪ್ಪಿತು. ಆ ಶಿಖರವೇ ಎಲ್ಲಕ್ಕಿಂತ ಎತ್ತರ ಅಂತ ಲೆಕ್ಕ ಹಾಕಿದ ರಾಧಾನಾಥ ಸಿಕ್‌ದರ್ ಹೆಸರು ನಕ್ಷೆಯಲ್ಲಿ ಎಲ್ಲೂ ಇಲ್ಲ, ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ ಹಳೆ ನಕ್ಷೆ ಕೈಗೆ ಸಿಕ್ಕಾಗ ಮೊದಲು ಏನು ನೋಡಬೇಕು?

ಉತ್ತರ 3:
ಮೂಲೆ ನೋಡಿ. ಶೀರ್ಷಿಕೆಯ ಸುತ್ತ ಇರುವ ಚಿತ್ರವನ್ನು ಸುಮ್ನೆ ಅಲಂಕಾರ ಅಂತ ದಾಟಿಬಿಡುತ್ತೇವೆ. ಅದೇ ರೆನೆಲ್ 1782ರಲ್ಲಿ ಮಾಡಿದ ಹಿಂದೂಸ್ತಾನದ ನಕ್ಷೆಯಲ್ಲಿ ಬ್ರಿಟನ್ ದೇಶದ ಸಂಕೇತವಾಗಿ ಬ್ರಿಟಾನಿಯಾ ಅನ್ನುವ ಹೆಂಗಸು ನಿಂತಿದ್ದಾಳೆ. ಒಬ್ಬ ಬ್ರಾಹ್ಮಣ ಶಾಸ್ತ್ರಗ್ರಂಥಗಳನ್ನು ಅವಳ ಕೈಗೆ ಒಪ್ಪಿಸುತ್ತಿದ್ದಾನೆ. ನಾವು ಕಿತ್ತುಕೊಳ್ಳಲಿಲ್ಲ, ಅವರೇ ಕೊಟ್ಟರು ಅನ್ನುವ ವಾದ ಆ ಚಿತ್ರದಲ್ಲೇ ಇದೆ. ಆಮೇಲೆ ದುಡ್ಡು ಕೊಟ್ಟವರು ಯಾರು ಅಂತ ಹುಡುಕಿ. ರೆನೆಲ್ ಬಂಗಾಳದಲ್ಲಿ ಸರ್ವೆ ಮಾಡಿದ್ದು ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ. ಅಲ್ಲಿನ ರಸ್ತೆ, ನದಿಗಳನ್ನು ಅಷ್ಟು ಜೋಪಾನವಾಗಿ ಗುರುತಿಸಿದ್ದು ಯಾಕೆ ಅಂತ ಆಗ ಗೊತ್ತಾಗುತ್ತದೆ: ಕಂಪನಿಗೆ ಕಂದಾಯ ಬರಬೇಕಿತ್ತು, ಸೈನ್ಯ ನಡೆಯಬೇಕಿತ್ತು.