ಕಲ್ಲಿದ್ದಲು ಗಣಿಯ ಹೂಳು ಸಂಪು: ಗಾತ್ರ ಸಾಕಷ್ಟಿದ್ದರೂ ಕೋಡಿಯಲ್ಲಿ ಕಪ್ಪು ನೀರು ಏಕೆ?

ಪ್ರಶ್ನೆ

ಮಾನ್ಯರೇ, ತೆರೆದ ಕಲ್ಲಿದ್ದಲು ಗಣಿಯೊಂದರ ಮಳೆನೀರಿನ ವ್ಯವಸ್ಥೆಯನ್ನು ಮರುಪರಿಶೀಲಿಸುವ ಕೆಲಸ ನನಗೆ ಬಂದಿದೆ. ಹೂಳು ತಂಗಿಸುವ ಹೊಂಡಕ್ಕೆ, ಅಂದರೆ ಸಂಪಿಗೆ, ನೀರು ಹರಿದು ಬರುವ ಪ್ರದೇಶ ಒಟ್ಟು 40 ಹೆಕ್ಟೇರ್. ಅದರಲ್ಲಿ 18 ಹೆಕ್ಟೇರ್ ಕಲ್ಲಿದ್ದಲು ರಾಶಿ, ಲಾರಿ ರಸ್ತೆ ಮತ್ತು ಅಗೆದು ಹಾಕಿದ ಮಣ್ಣಿನ ಗುಡ್ಡೆಗಳು. ಉಳಿದ 22 ಹೆಕ್ಟೇರ್ ಮೇಲ್ಭಾಗದ ಹುಲ್ಲುಗಾವಲು. ದಿನಕ್ಕೆ 100 ಮಿ.ಮೀ. ಮಳೆ ಸುರಿದು ಶೇ. 60ರಷ್ಟು ಹರಿದು ಬಂದರೆ 24,000 ಘನ ಮೀಟರ್ ಆಗುತ್ತದೆಂದು ಎಣಿಸಿ, ಹಿಂದಿನವರು 4,000 ಚದರ ಮೀಟರ್ ಹರವಿನ, ಸರಾಸರಿ 6 ಮೀಟರ್ ಆಳದ ಸಂಪನ್ನು ತೋಡಿಸಿದ್ದಾರೆ. ಆದರೂ ಗಂಟೆಗೆ 60 ಮಿ.ಮೀ. ತೀವ್ರತೆಯ ಮಳೆ ಬಂದಾಗ ಕೋಡಿಯಲ್ಲಿ ಹೊರಬೀಳುವ ನೀರು ಕಪ್ಪಾಗಿಯೇ ಇರುತ್ತದೆ. ಕೋಡಿಯ ಅಗಲ 2 ಮೀಟರ್. ಅದನ್ನು ಒಡ್ಡಿನ ತುಂಬುಮಣ್ಣಿನಲ್ಲಿಯೇ ಕಡಿದಿದ್ದಾರೆ, ಮತ್ತು ಕೋಡಿಯ ಮಟ್ಟದಿಂದ ಒಡ್ಡಿನ ನೆತ್ತಿ 0.6 ಮೀಟರ್ ಮಾತ್ರ ಎತ್ತರದಲ್ಲಿದೆ. ಸಂಪನ್ನು ಇನ್ನೂ 2 ಮೀಟರ್ ಆಳ ಮಾಡಿದರೆ ಸಮಸ್ಯೆ ತೀರುವುದೇ?

ಉತ್ತರ 1

ಆಳ ಹೆಚ್ಚಿಸಿದರೆ ಹೂಳಿಗೆ ಜಾಗ ಹೆಚ್ಚುತ್ತದೆಯೇ ಹೊರತು ನೀರು ತಿಳಿಯಾಗುವುದಿಲ್ಲ. ಹಿಂದಿನ ಮಳೆಯಿಂದಲೇ ಸಂಪು ತುಂಬಿದ್ದರೆ ಅದು ಶೇಖರಣೆಯ ತೊಟ್ಟಿಯಾಗಿ ಉಳಿಯದೆ ಹರಿಯುವ ಕೊಳವಾಗುತ್ತದೆ. ಆಗ ಯಾವ ಕಣ ತಳಕ್ಕಿಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಹರಿವನ್ನು ಮೇಲ್ಮೈ ಹರವಿನಿಂದ ಭಾಗಿಸಿದಾಗ ಬರುವ ವೇಗ. ನಿಮ್ಮ ಅಂಕಿಗಳಲ್ಲಿ ಹರಿವಿನ ಗುಣಾಂಕ (ಮಳೆಯಲ್ಲಿ ಹರಿದು ಬರುವ ಪಾಲು) 0.6, ತೀವ್ರತೆ 60, ವಿಸ್ತೀರ್ಣ 40. ಇವುಗಳ ಗುಣಲಬ್ಧವನ್ನು 360ರಿಂದ ಭಾಗಿಸಿದರೆ ಸೆಕೆಂಡಿಗೆ 4 ಘನ ಮೀಟರ್. ಅದನ್ನು 4,000 ಚದರ ಮೀಟರಿಗೆ ಹಂಚಿದರೆ ಸೆಕೆಂಡಿಗೆ 1 ಮಿ.ಮೀ. ಇದಕ್ಕಿಂತ ನಿಧಾನವಾಗಿ ಇಳಿಯುವ ಕಣಗಳಲ್ಲಿ ಒಂದು ಪಾಲು ಕೋಡಿ ದಾಟಿ ಹೋಗುತ್ತದೆ, ನಿಧಾನವಾದಷ್ಟೂ ಆ ಪಾಲು ಹೆಚ್ಚು.

ಹಿಂದಿನ ಲೆಕ್ಕದವರು ಗಮನಿಸದೇ ಬಿಟ್ಟದ್ದು ಕಲ್ಲಿದ್ದಲಿನ ಹಗುರತನವನ್ನು ಎಂದು ನನಗೆ ಅನ್ನಿಸುತ್ತದೆ. ಸಾಮಾನ್ಯ ಮಣ್ಣಿನ ಕಣದ ಸಾಂದ್ರತೆ ನೀರಿನ ಸುಮಾರು 2.65 ಪಟ್ಟು, ಕಲ್ಲಿದ್ದಲಿನದು 1.35ರ ಆಸುಪಾಸು. ನೀರಿನಲ್ಲಿ ಕಣವನ್ನು ಕೆಳಕ್ಕೆ ಎಳೆಯುವುದು ನೀರಿಗಿಂತ ಮಿಗಿಲಾದ ಭಾರ ಮಾತ್ರವಾದ್ದರಿಂದ, ಒಂದೇ ಗಾತ್ರದ ಕಲ್ಲಿದ್ದಲು ಪುಡಿ ಮಣ್ಣಿನ ಐದನೆಯ ಒಂದು ಪಾಲು ವೇಗದಲ್ಲಿ ಇಳಿಯುತ್ತದೆ. ಸಣ್ಣ ಕಣ ನೀರಿನಲ್ಲಿ ಇಳಿಯುವ ವೇಗವನ್ನು ಹೇಳುವ ಸ್ಟೋಕ್ಸ್ ನಿಯಮದ ಪ್ರಕಾರ ನಿಮ್ಮ ಸಂಪಿನಲ್ಲಿ ಪೂರ್ತಿ ತಂಗುವ ಮಣ್ಣಿನ ಕಣದ ಕನಿಷ್ಠ ಗಾತ್ರ ಸುಮಾರು 33 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು), ಕಲ್ಲಿದ್ದಲಿನದಾದರೆ ಸುಮಾರು 72 ಮೈಕ್ರಾನ್. ಅದಕ್ಕಿಂತ ನುಣ್ಣನೆಯದರಲ್ಲಿ ಬಹಳಷ್ಟು ಕೆಳಗಿನ ಹಳ್ಳದ ಪಾಲು. ಒಳಹರಿವು ಕೋಡಿಯ ಪಕ್ಕದಲ್ಲೇ ಬಂದು ಬೀಳುತ್ತಿದ್ದರೆ ಪರಿಸ್ಥಿತಿ ಈ ಲೆಕ್ಕಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಆಗ ಸಂಪಿನ ಬಹುಭಾಗ ನಿಂತ ನೀರಾಗಿಯೇ ಉಳಿಯುತ್ತದೆ. ಉದ್ದ ಅಗಲದ ಮೂರು ಪಟ್ಟಾದರೂ ಇರಲಿ. ಇಲ್ಲದಿದ್ದರೆ ನಡುವೆ ಅಡ್ಡಗೋಡೆ ಕಟ್ಟಿ ನೀರನ್ನು ಸುತ್ತಿಸಿ.

ಉತ್ತರ 2

ಕಪ್ಪು ನೀರಿಗಿಂತ ನಿಮ್ಮ ಕೋಡಿಯೇ ನನ್ನನ್ನು ಹೆಚ್ಚು ಹೆದರಿಸುತ್ತದೆ. ಅಗಲ ನೆತ್ತಿಯ ಕೋಡಿಯ ಹರಿವಿನ ಸೂತ್ರದಲ್ಲಿ 1.7 ಗುಣಾಂಕ ಹಿಡಿದರೆ, 2 ಮೀಟರ್ ಅಗಲದಲ್ಲಿ ಸೆಕೆಂಡಿಗೆ 4 ಘನ ಮೀಟರ್ ಹೊರಹೋಗಲು ನೀರು ಕೋಡಿಯ ಮೇಲೆ ಸುಮಾರು 1.1 ಮೀಟರ್ ಏರಬೇಕು. ನಿಮ್ಮಲ್ಲಿರುವುದು 0.6 ಮೀಟರ್, ಅಂದರೆ ನೀರು ಒಡ್ಡನ್ನೇ ಹತ್ತಿ ಇಳಿಯುತ್ತದೆ, ಮಣ್ಣಿನ ಒಡ್ಡು ಅದನ್ನು ಬಹಳ ಹೊತ್ತು ತಡೆಯಲಾರದು. ಸಂಪನ್ನು ಆಗಾಗ ಬರುವ ಮಳೆಗೆ ಅಳೆಯಬಹುದು, ಕೋಡಿಯನ್ನು ಮಾತ್ರ ಅಪರೂಪದ ಮಳೆಗೇ ಅಳೆಯಬೇಕು, ಅದೂ ಸಂಪು ಮೊದಲೇ ತುಂಬಿದೆ, ಪಂಪು ನಿಂತಿದೆ ಎಂದು ಭಾವಿಸಿ. ತೀವ್ರತೆ ಗಂಟೆಗೆ 120 ಮಿ.ಮೀ. ಆದರೆ ಹರಿವು ಸೆಕೆಂಡಿಗೆ 8 ಘನ ಮೀಟರ್, 0.6 ಮೀಟರ್ ಏರಿಕೆಗೆ 10 ಮೀಟರಿಗಿಂತ ತುಸು ಹೆಚ್ಚು ಅಗಲ ಬೇಕು, ಅದರ ಮೇಲೆ ಕನಿಷ್ಠ ಅರ್ಧ ಮೀಟರ್ ಒಣ ಎತ್ತರ ಉಳಿಯಬೇಕು. ಅಂದರೆ ಒಡ್ಡನ್ನು ಎತ್ತರಿಸುವುದೂ ಅನಿವಾರ್ಯ. ಹಾಗೆಯೇ ಕೋಡಿಯನ್ನು ತುಂಬುಮಣ್ಣಿನಿಂದ ತೆಗೆದು ಒಡ್ಡಿನ ಪಕ್ಕದ ಗಟ್ಟಿ ನೆಲದಲ್ಲಿ ಕಡಿಯಿರಿ. ಜಿಯೋಟೆಕ್ಸ್‌ಟೈಲ್ (ಮಣ್ಣು ಕೊಚ್ಚಿಹೋಗದಂತೆ ತಡೆಯುವ ಬಟ್ಟೆ) ಹಾಸಿ ಮೇಲೆ ಕಲ್ಲು ಹೊದಿಸಿ, ನೀರು ಬೀಳುವ ತಳದಲ್ಲಿ ವೇಗ ಮುರಿಯುವ ವ್ಯವಸ್ಥೆ ಮಾಡಿ.

1972ರ ಫೆಬ್ರುವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಬಫಲೊ ಕ್ರೀಕ್ ಕಣಿವೆಯಲ್ಲಿ ಕಲ್ಲಿದ್ದಲು ತ್ಯಾಜ್ಯದ ಒಡ್ಡು ಮಳೆಗೆ ಒಡೆದು 125 ಜನ ಸತ್ತರು. ಅಲ್ಲಿ ಸಾಕಷ್ಟು ದೊಡ್ಡ ಕೋಡಿ ಇರಲಿಲ್ಲ. ಅದು ನಿಮ್ಮದಕ್ಕಿಂತ ಎಷ್ಟೋ ದೊಡ್ಡ ಕಟ್ಟಡ, ನಿಜ. ಆದರೆ ನಿಮ್ಮ ಒಡ್ಡಿನ ಕೆಳಗೆ ಏನಿದೆ ಎಂಬುದನ್ನು ತಾವು ಬರೆದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಒಡ್ಡಿನ ಕೆಳಗೆ ಗಣಿಯ ಸಾಗಣೆ ರಸ್ತೆಯೇ ಇದೆ. ಹುಲ್ಲುಗಾವಲಿನ 22 ಹೆಕ್ಟೇರ್ ನೀರನ್ನು ಮೇಲಿನಿಂದಲೇ ಬಳಸುಗಾಲುವೆಯಲ್ಲಿ ಹೊರಗೆ ಒಯ್ದರೆ ಹೇಗೆ?

ಉತ್ತರ 3

ಅದನ್ನೇ ಮೊದಲು ಮಾಡಿ. ಶುದ್ಧ ನೀರನ್ನು ಕಪ್ಪು ನೀರಿಗೆ ಬೆರೆಸಿ ಮತ್ತೆ ಶುದ್ಧಗೊಳಿಸಲು ಹೊರಡುವುದು ವ್ಯರ್ಥ ಶ್ರಮ. ಉಳಿಯುವ 18 ಹೆಕ್ಟೇರ್ ಬರಿಯ ನೆಲವಾದ್ದರಿಂದ ಗುಣಾಂಕವನ್ನು 0.7ಕ್ಕೆ ಏರಿಸಿದರೂ ಹರಿವು ಸೆಕೆಂಡಿಗೆ 2.1 ಘನ ಮೀಟರಿಗೆ ಇಳಿಯುತ್ತದೆ, ಮತ್ತು 100 ಮಿ.ಮೀ. ಮಳೆಯ ನೀರು 12,600 ಘನ ಮೀಟರ್ ಮಾತ್ರ. ಆಗ ಈಗಿರುವ ಸಂಪಿನ ಅರ್ಧದಷ್ಟನ್ನು ಹೂಳಿಗೆ ಮೀಸಲಿಡಬಹುದು. ಆದರೆ ಕೋಡಿಯನ್ನು ಪೂರ್ತಿ 40 ಹೆಕ್ಟೇರಿಗೇ ಅಳೆಯಿರಿ. ಬಳಸುಗಾಲುವೆ ಒಡೆಯುವುದಿದ್ದರೆ ಅದೇ ದೊಡ್ಡ ಮಳೆಯಲ್ಲಿ ಒಡೆಯುತ್ತದೆ.

ಇಷ್ಟಾದರೂ ಸುಮಾರು 52 ಮೈಕ್ರಾನಿಗಿಂತ ಸಣ್ಣ ಕಲ್ಲಿದ್ದಲು ಪುಡಿಯಲ್ಲಿ ಬಹಳಷ್ಟು ಹೊರಗೇ ಹೋಗುತ್ತದೆ. 2 ಮೈಕ್ರಾನಿನ ಜೇಡಿಕಣವಂತೂ ನಿಂತ ನೀರಿನಲ್ಲಿಯೂ 1 ಮೀಟರ್ ಇಳಿಯಲು ಮೂರು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಅಂಥ ಕಣಗಳಿಗೆ ಜಿಪ್ಸಂ, ಆಲಂ ಅಥವಾ ಪಾಲಿಅಕ್ರಿಲಮೈಡ್ ಬಳಸಿ ಗಂಟುಗಟ್ಟಿಸುವುದೇ ದಾರಿ. ಪ್ರಮಾಣವನ್ನು ನಿಮ್ಮದೇ ನೀರನ್ನು ಜಾಡಿಗಳಲ್ಲಿ ಪರೀಕ್ಷಿಸಿ ನಿರ್ಧರಿಸಿ. ಗಂಧಕಯುಕ್ತ ಪೈರೈಟ್ ಇರುವ ಕಲ್ಲಿದ್ದಲಾದರೆ ನೀರಿನ ಆಮ್ಲೀಯತೆಯನ್ನೂ ಅಳೆಯಿರಿ, ಏಕೆಂದರೆ ತಿಳಿಯಾಗಿ ಕಂಡ ನೀರೂ ಆಮ್ಲೀಯವಾಗಿರಬಹುದು. ಕಡೆಯದಾಗಿ, ಸಂಪಿನ ಬಾಯಲ್ಲಿ ದಪ್ಪ ಹೂಳಿಗಾಗಿ ಚಿಕ್ಕ ಮುಂಗುಂಡಿಯನ್ನು ತೋಡಿ, ಅಗೆಯುವ ಯಂತ್ರ ಇಳಿಯಲು ಇಳಿಜಾರು ಹಾದಿ ಬಿಡಿ. ಹಾದಿಯಿಲ್ಲದ ಸಂಪನ್ನು ಯಾರೂ ಹೂಳೆತ್ತುವುದಿಲ್ಲ. ಅಂಥ ಸಂಪುಗಳನ್ನು ನಾನು ಸಾಕಷ್ಟು ನೋಡಿದ್ದೇನೆ.