ಅಮ್ಮನ ಆರೈಕೆಯ ಪಾಲು

ಆಲ್ದೂರು ಮನೆಯ ವಾಟ್ಸಾಪ್ ಗುಂಪು, ಭಾನುವಾರ ರಾತ್ರಿ

ಹಾಸನದ ಅತ್ತೆ: ಪತ್ರಿಕೆಯ ಈ ತುಣುಕನ್ನು ಎಲ್ಲರೂ ಓದಲೆಂದು ಹಾಕಿದ್ದೇನೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 88 ನಿಮಿಷ. ಆ 88 ಕೂಡ ಕೆಲಸ ಮಾಡಿದ ಗಂಡಸರ ಸರಾಸರಿ. ಕೈಯನ್ನೇ ಹಾಕದವರು ಅದರಲ್ಲಿ ಸೇರಿಲ್ಲ.

ದೊಡ್ಡಪ್ಪ: ಅಮ್ಮನ ಸೇವೆಯನ್ನು ಗಡಿಯಾರ ಹಿಡಿದು ಅಳೆಯುವುದು ನನಗೆ ಸರಿಕಾಣುವುದಿಲ್ಲ. ಅಮ್ಮ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗಿನಿಂದ ತಮ್ಮನ ಹೆಂಡತಿ ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದಾಳೆ. ಔಷಧಿಯ ಖರ್ಚನ್ನು ನಾನು ಬೆಂಗಳೂರಿನಿಂದ ತಿಂಗಳು ತಪ್ಪದೆ ಕಳಿಸುತ್ತಿದ್ದೇನೆ.

ಚಿಕ್ಕಮ್ಮ: ಭಾವ, ನಿಮ್ಮ ಹಣದ ಆಸರೆಯನ್ನು ನಾನು ಮರೆತಿಲ್ಲ. ಆದರೆ ಪ್ರೀತಿ ಎಂಬ ಒಂದು ಮಾತಿನ ಹಿಂದೆ ನನ್ನ ಇಡೀ ದಿನ ಮರೆಯಾಗುತ್ತಿದೆ. ನಸುಕಿನಲ್ಲೇ ಅಮ್ಮನಿಗೆ ವಾಕರ್ ಹಿಡಿಸಿ ಬಚ್ಚಲಿಗೆ ಕರೆದೊಯ್ದು, ಮೈ ಒರೆಸಿ, ತಿಂಡಿ ತಿನ್ನಿಸಿ, ಎಂಟರ ಬಸ್ಸಿಗೆ ಚಿಕ್ಕಮಗಳೂರಿಗೆ ಹೊರಟರೆ, ಕಚೇರಿಯಲ್ಲಿ ಕುಳಿತಾಗಲೂ ಕಿವಿ ಫೋನಿನ ಮೇಲೆಯೇ ಇರುತ್ತದೆ. ಕಾಫಿ ಕೊಯ್ಲು ಶುರುವಾದ ಮೇಲೆ ಇವರು ಕಣ ಬಿಟ್ಟು ಬರುವಂತಿಲ್ಲ, ಹಗಲು ಅಮ್ಮನ ಬಳಿ ಇರುತ್ತಿದ್ದ ಹೆಂಗಸೂ ಹೆಚ್ಚು ಕೂಲಿಗೆಂದು ಹಣ್ಣು ಕೊಯ್ಯಲು ಹೋದಳು. ನನ್ನ ರಜೆಗಳೆಲ್ಲ ಮುಗಿದಿವೆ. ಬಡ್ತಿಯ ಜೊತೆಗೆ ವರ್ಗಾವಣೆಯೂ ಬರುತ್ತದೆಂದು ಕಳೆದ ತಿಂಗಳು ಬಡ್ತಿಯನ್ನೇ ಬೇಡವೆಂದು ಬರೆದುಕೊಟ್ಟೆ.

ದೊಡ್ಡಪ್ಪ: ಅಷ್ಟು ಕಷ್ಟವಾಗಿದ್ದರೆ ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಬಹುದಲ್ಲವೇ?

ಹಾಸನದ ಅತ್ತೆ: ಆ ಪ್ರಶ್ನೆಯನ್ನು ನೀನಾಗಲಿ ನಾನಾಗಲಿ ನಮಗೆ ಕೇಳಿಕೊಂಡಿದ್ದೇವೆಯೇ, ಅಣ್ಣ? ಹಿರಿಯರ ಪೋಷಣೆಗೆಂದು 2007ರಲ್ಲಿ ಬಂದ ಕೇಂದ್ರದ ಕಾಯ್ದೆಯು ಮಕ್ಕಳು ಎಂಬ ಪದದೊಳಗೆ ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು ಸೇರಿಸಿದೆ. ಸೊಸೆಯ ಹೆಸರು ಅಲ್ಲಿಲ್ಲ. ಅವಳು ಕೈಬಿಡಲಿ ಎಂದು ನಾನು ಹೇಳುತ್ತಿಲ್ಲ. ಹಾಸನದಿಂದ ಆಲ್ದೂರು ಅರ್ಧ ದಿನದ ದಾರಿಯೂ ಅಲ್ಲದಿರುವಾಗ, ನಾನು ಹಬ್ಬಕ್ಕೆ ಬಂದು ಅಮ್ಮನ ತಲೆ ಸವರಿ ಹೊರಟುಬಿಡುತ್ತಿದ್ದೆನಲ್ಲ, ಅದು ನನ್ನನ್ನು ಚುಚ್ಚುತ್ತಿದೆ. ಕೊಯ್ಲು ಮುಗಿಯುವ ತನಕ ಪ್ರತಿ ಶನಿವಾರ, ಭಾನುವಾರ ಅಮ್ಮ ನನ್ನ ಪಾಲಿಗಿರಲಿ.

ದೊಡ್ಡಪ್ಪ: ನಿಮಿಷಗಳ ಲೆಕ್ಕವನ್ನು ನಾನು ಈಗಲೂ ಒಪ್ಪುವುದಿಲ್ಲ. ಬಡ್ತಿಯ ವಿಷಯವನ್ನು ಮಾತ್ರ ಯಾರೂ ನನಗೆ ತಿಳಿಸಿರಲಿಲ್ಲ. ಜನವರಿಯಲ್ಲಿ ಹತ್ತು ದಿನ ರಜೆ ಹಾಕಿ ಬರುತ್ತೇನೆ.

ಚಿಕ್ಕಮ್ಮ: ಬನ್ನಿ ಭಾವ. ಅಮ್ಮ ರಾತ್ರಿ ಎರಡು ಸಲ ಏಳುತ್ತಾರೆ. ಎಬ್ಬಿಸುವಾಗ ಎಡಗಡೆಯಿಂದ ಆಸರೆ ಕೊಡಬೇಕು. ಮೊದಲ ರಾತ್ರಿ ನಾನು ಜೊತೆಗಿದ್ದು ತೋರಿಸಿಕೊಡುತ್ತೇನೆ.