ಸಹಾಯ ಬೇಕು: ಸ್ಥಿರ ಆಕಾರವಿಲ್ಲದ ಪ್ರೋಟೀನಿಗೆ ಡಾಕಿಂಗ್ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನ ನರಕೋಶಗಳೊಳಗೆ ಗಂಟುಗಟ್ಟುವ ಆಲ್ಫಾ-ಸಿನ್ಯೂಕ್ಲಿನ್ ಪ್ರೋಟೀನಿಗೆ ಅಂಟಬಲ್ಲ ಸಣ್ಣ ಅಣುಗಳನ್ನು ಡಾಕಿಂಗ್ ಮೂಲಕ, ಅಂದರೆ ಅಣು ಪ್ರೋಟೀನಿನ ಮೇಲೆ ಎಲ್ಲಿ, ಎಷ್ಟು ಗಟ್ಟಿಯಾಗಿ ಕೂರುತ್ತದೆಂದು ಕಂಪ್ಯೂಟರಿನಲ್ಲಿ ಅಂದಾಜಿಸಿ, ಹುಡುಕುವುದು ನನ್ನ ಪ್ರಾಜೆಕ್ಟ್.

140 ಅಮೈನೋ ಆಮ್ಲಗಳ ಈ ಪ್ರೋಟೀನು ದ್ರಾವಣದಲ್ಲಿ ಕ್ಷಣಕ್ಕೊಂದು ರೂಪ ತಳೆಯುವುದರಿಂದ ಪ್ರೋಟೀನಿನ ಸ್ಥಿರ ಕುಳಿಯೊಳಗೆ ಅಣು ಸರಿಯಾಗಿ ಕೂರುತ್ತದೆನ್ನುವ ಬೀಗ-ಕೀಲಿಕೈಯ ಪಾಠ ಇಲ್ಲಿ ನಡೆಯದೆಂದು ಗೊತ್ತಿದ್ದೂ, ಬೇರೆ ದಾರಿ ಕಾಣದೆ ಮೊದಲು ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶದ ಮಾದರಿಯನ್ನೇ ಇಳಿಸಿಕೊಂಡೆ. ಅದರಲ್ಲಿ ಆರಂಭದ ಭಾಗ ಉದ್ದನೆಯ ಸುರುಳಿಯಾಗಿ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಅದು ಪ್ರೋಟೀನು ಕೋಶಪೊರೆಗೆ ಅಂಟಿದಾಗ ತಳೆಯುವ ರೂಪವನ್ನು ಹೋಲುತ್ತದೆಯೇ ಹೊರತು ದ್ರಾವಣದಲ್ಲಿರುವ ರೂಪವನ್ನಲ್ಲ. ಆಟೋಡಾಕ್ ವೀನಾ ಎಂಬ ಡಾಕಿಂಗ್ ತಂತ್ರಾಂಶದಲ್ಲಿ ಒಂದೇ ಅಣುವನ್ನು ಐದು ಸಲ ಓಡಿಸಿದರೆ ಐದು ಬೇರೆ ಜಾಗಗಳಲ್ಲಿ ಕೂರುತ್ತದೆ, ಅಂಟುವ ಬಲವನ್ನು ಅಂದಾಜಿಸುವ ಅಂಕ ಮಾತ್ರ ಹೆಚ್ಚುಕಡಿಮೆ ಒಂದೇ. ಆಮೇಲೆ ನಾರಿನಂತೆ ಹೆಣೆದುಕೊಂಡ ರೂಪದ ರಚನೆಯನ್ನು ಬಳಸಿದೆ. ಫಲಿತಾಂಶ ಸ್ಥಿರವಾಯಿತಾದರೂ, ನಾರಾದ ಮೇಲೆ ಅಂಟುವ ಅಣು ನಾರಾಗುವುದನ್ನೇ ತಡೆಯುತ್ತದೆಂದು ಹೇಳಲು ಧೈರ್ಯ ಸಾಲದು.

ಫಾಸುಡಿಲ್ ಎಂಬ ಔಷಧಿ ಈ ಪ್ರೋಟೀನಿನ ಬಾಲದ ಟೈರೋಸಿನ್ ಎಂಬ ಅಮೈನೋ ಆಮ್ಲಗಳ ಬಳಿ ಸಡಿಲವಾಗಿ ಅಂಟುತ್ತದೆಂದು ಓದಿದ್ದೇನೆ. ಹಾಗಾಗಿ ಇಂಥ ಪ್ರೋಟೀನುಗಳ ಬೇರೆಬೇರೆ ರೂಪಗಳನ್ನು ಸಂಗ್ರಹಿಸಿಟ್ಟಿರುವ ಪ್ರೋಟೀನ್ ಎನ್‌ಸೆಂಬಲ್ ಡೇಟಾಬೇಸಿನಿಂದ ಹಲವು ರೂಪಗಳನ್ನು ತೆಗೆದುಕೊಂಡು, ಮೊದಲು ಫಾಸುಡಿಲ್ ಅನ್ನೇ ಪರೀಕ್ಷಿಸುವ ಯೋಚನೆಯಿದೆ. ನನ್ನ ಬಳಿ ಇರುವುದು ಸಾಧಾರಣ ಲ್ಯಾಪ್‌ಟಾಪ್ ಮಾತ್ರ. ಪ್ರೋಟೀನಿನ ಚಲನೆಯನ್ನು ಲೆಕ್ಕಹಾಕುವ ದೀರ್ಘ ಸಿಮ್ಯುಲೇಶನ್ ಅದರಲ್ಲಿ ಆಗದ ಮಾತು.

ಅನುಭವವಿರುವವರು ದಯವಿಟ್ಟು ತಿಳಿಸಿ: ಸಾವಿರಾರು ರೂಪಗಳಲ್ಲಿ ಡಾಕಿಂಗಿಗೆ ಎಷ್ಟನ್ನು, ಯಾವ ಆಧಾರದ ಮೇಲೆ ಆರಿಸಬೇಕು? ಕೊನೆಗೆ ಅಣುಗಳನ್ನು ಹೋಲಿಸುವಾಗ ಅತ್ಯುತ್ತಮ ಅಂಕವನ್ನು ನೋಡಬೇಕೋ, ಎಲ್ಲ ರೂಪಗಳ ಸರಾಸರಿಯನ್ನೋ?